ವಿಮೆಯ ಯೋಗಕ್ಷೇಮ

ಯೋಗಕ್ಷೇಮವೆಂಬ ಪದವನ್ನು ನಾವು ಕಾಗದಗಳಲ್ಲಿಯೂ ಮಾತುಕತೆಯಲ್ಲಿಯೂ ಕುಶಲವೆಂಬ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಪಾಠಶಾಲೆಯಲ್ಲಿ ನಮಗೆ ಪಾಠ ಹೇಳುತ್ತಿದ್ದ ಪಂಡಿತರು ಮಾತ್ರ ಇದನ್ನು ಬಿಡಿಸಿ ತೋರಿಸದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. 1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವ ವಿಮಾ ನಿಗಮವು ಗೀತೆಯಿಂದ ಆರಿಸಿಕೊಂಡಿರುವ ಧ್ಯೇಯವಾಕ್ಯದಲ್ಲಿ ಈ ಪದವೇ ಮುಖ್ಯವಾದುದು. ಮುಂಬಯಿಯಲ್ಲಿರುವ ಅದರ ಪ್ರಧಾನ ಕಚೇರಿಯ ಕಟ್ಟಡಕ್ಕೂ ಯೋಗಕ್ಷೇಮವೆಂದೇ ಹೆಸರು. ಉಳಿತಾಯವೂ ರಕ್ಷಣೆಯೂ ಕೂಡಿಕೊಂಡಿರುವ ಜೀವವಿಮೆಗೆ ಈ ಜೋಡಿಪದವು ಚೆನ್ನಾಗಿಯೇ ಒಪ್ಪುವುದು. ವಾಹನದ ವಿಮೆಯಾದರೋ ಇದರ ಉತ್ತರಾರ್ಧವನ್ನು ಮಾತ್ರ ವಹಿಸಿಕೊಳ್ಳುತ್ತದೆ. ಕಳೆದ ವರ್ಷ ನನ್ನ ಚಿಕ್ಕ ಕಾರಿಗೆ ಒದಗಿದ ಒಂದು ಅಪಘಾತದಿಂದ ಇದು ನನಗೆ ಮನದಟ್ಟಾಯಿತು. ವಾಚಕರಲ್ಲಿ ಅನೇಕರ ಮನೆಗಳಲ್ಲಿ ಈಗ ಕಾರುಗಳಿರುವುದರಿಂದ ಆ ವಿಚಾರವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ಬರುವ ದಾರಿಯಲ್ಲಿ, ಮಂಡಗದ್ದೆಯನ್ನು ದಾಟಿದ ಮೇಲೆ, ಅಡ್ಡದಾರಿಯಿಂದ ನುಗ್ಗಿದ ಸರಕಿನ ಆಟೋ ಒಂದು ನನ್ನ ಕಾರಿನ ಎಡಮುಂಭಾಗಕ್ಕೆ ಬಡಿಯಿತು. ದೈವಕೃಪೆಯಿಂದ ಯಾರಿಗೂ ಗಾಯವಾಗಲಿಲ್ಲ. ಬಂಪರು ಒಡೆಯಿತು, ದೀಪವು ಚೂರಾಯಿತು, ಚಕ್ರದ ಮೇಲಣ ತಗಡು ಒಳಕ್ಕೆ ಕುಗ್ಗಿತು. ಕ್ಷಣಮಾತ್ರದಲ್ಲಿ ಜನ ಕೂಡಿದರು. ತಪ್ಪು ಆಟೋದವನದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಐದು ಸಾವಿರವನ್ನಾದರೂ ವಸೂಲು ಮಾಡದೆ ಬಿಡಬಾರದೆಂದು ಕೆಲವರು ನನಗೆ ಒತ್ತಿ ಹೇಳಿದರು. ಆಟೋದ ತರುಣನು ಬಾಳೆಗೊನೆಗಳ ಬಾಡಿಗೆಯಿಂದ ಬಂದಿದ್ದ ಎರಡು ಸಾವಿರ ರೂಪಾಯಿಗಳನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದನು. ಅವನ ಕೈ ನಡುಗುತ್ತಿತ್ತು.

ಆ ಹಣವನ್ನು ನಾನು ಮುಟ್ಟಲಿಲ್ಲ. ಇದಕ್ಕೆ ದಯೆಯೊಂದೇ ಕಾರಣವಲ್ಲ. ಆದ ನಷ್ಟವನ್ನು ವಿಮಾ ಕಂಪನಿಯು ತುಂಬಿಕೊಡುವುದಾದರೆ, ಅದೇ ನಷ್ಟಕ್ಕಾಗಿ ಇನ್ನೊಬ್ಬನಿಂದಲೂ ಹಣ ಪಡೆಯುವುದು ಕ್ಷೇಮವಲ್ಲ, ಅದು ಯೋಗವಾಗುತ್ತದೆ. ಅಲ್ಲದೆ, ನಷ್ಟವನ್ನು ತುಂಬಿಕೊಟ್ಟ ಕಂಪನಿಗೆ ತಪ್ಪಿತಸ್ಥನಿಂದ ಅದನ್ನು ವಸೂಲು ಮಾಡಿಕೊಳ್ಳುವ ಹಕ್ಕು ಬರುವುದೆಂಬುದು ವಿಮಾಶಾಸ್ತ್ರದ ಹಳೆಯ ನಿಯಮ. ರಸ್ತೆಯಲ್ಲಿಯೇ ಹಣ ಪಡೆದು ಅವನನ್ನು ಋಣಮುಕ್ತನೆನ್ನಲು ನಾನು ಯಾರು? 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮಿನಂತೆ ಅವನ ವಾಹನಕ್ಕೂ ಪರರ ಹಾನಿಯ ವಿಮೆಯು ಕಡ್ಡಾಯವಾಗಿ ಇರತಕ್ಕದ್ದು. ಆದುದರಿಂದ ಅವನ ವಾಹನದ ಸಂಖ್ಯೆಯನ್ನು ಬರೆದುಕೊಂಡು, ಎರಡು ವಾಹನಗಳ ಚಿತ್ರಗಳನ್ನು ತೆಗೆದುಕೊಂಡು, ಆ ದಿನವೇ ನನ್ನ ಕಂಪನಿಗೆ ಸುದ್ದಿ ಮುಟ್ಟಿಸಿದೆನು.

ಎರಡನೆಯ ಪರೀಕ್ಷೆಯು ದುರಸ್ತಿಯ ಕಾರ್ಖಾನೆಯಲ್ಲಿ ಒದಗಿತು. ಕಂಪನಿಯ ಸರ್ವೇಯರು ಬಂದು ನೋಡುವ ಮೊದಲು ಯಾವ ಭಾಗವನ್ನೂ ಬಿಚ್ಚಬಾರದು. ಅವರು ಬರುವುದರೊಳಗೆ ಅಂದಾಜುಪಟ್ಟಿ ಬರೆಯುತ್ತಿದ್ದ ಗೃಹಸ್ಥರು ಕಾರನ್ನು ಸುತ್ತಿ ಬಂದು, ಹಿಂಬಾಗಿಲ ಮೇಲಿದ್ದ ಗೀರನ್ನು ಕಂಡು, “ಇದನ್ನೂ ಇದರಲ್ಲಿಯೇ ಸೇರಿಸಿಬಿಡೋಣ ಸ್ವಾಮೀ, ನಿಮ್ಮ ಕೈಯಿಂದ ಹೋಗುವುದೇನು?” ಎಂದರು. ಆ ಗೀರು ಎರಡು ವರ್ಷದ್ದು. ನಮ್ಮ ಮನೆಯ ಗೇಟಿನ ಕೊಡುಗೆ. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ, ಉಪಕಾರಬುದ್ಧಿಯೇ ಇತ್ತು. ಆದರೆ ಕಂಪನಿಯ ಬೊಕ್ಕಸವೆಂಬುದು ನನ್ನಂತೆಯೇ ವರ್ಷವರ್ಷವೂ ಕಂತು ಕಟ್ಟುವ ಅಪರಿಚಿತರ ಹಣವಲ್ಲದೆ ಮತ್ತೇನು? ಆಟೋದವನ ಮುಖ ಕಾಣುತ್ತಿತ್ತಾದ್ದರಿಂದ ಅವನ ಹಣವನ್ನು ನಿರಾಕರಿಸುವುದು ಸುಲಭವಾಗಿತ್ತು. ಮುಖ ಕಾಣದವರ ಹಣವನ್ನು ನಿರಾಕರಿಸುವುದೇ ಕಷ್ಟ. ಗೀರನ್ನು ಪಟ್ಟಿಯಲ್ಲಿ ಸೇರಿಸಕೂಡದೆಂದು ಹೇಳಿದೆನು.

ಇನ್ನು ಲೆಕ್ಕದ ಮಾತು. ಕಾರಿಗೆ ಆಗ ಮೂರೂವರೆ ವರ್ಷ. ತೆರಿಗೆಯನ್ನು ಬದಿಗಿಟ್ಟರೆ ಬಂಪರಿಗೆ 4,000, ದೀಪಕ್ಕೆ 5,000, ತಗಡಿಗೆ 3,000, ಕೂಲಿಗೆ 3,000, ಬಣ್ಣಕ್ಕೆ 8,000, ಒಟ್ಟು 23,000 ರೂಪಾಯಿಗಳಾದವು. ಪಾಲಿಸಿಯ ಪ್ರಕಾರ ಪ್ಲಾಸ್ಟಿಕ್ಕು ರಬ್ಬರುಗಳ ಭಾಗಗಳಿಗೆ ಶೇಕಡ 50ರಷ್ಟು ಸವಕಳಿಯ ಕಡಿತವುಂಟು, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಮೇರೆಗೆ ಕಡಿತ, ಮೂರರಿಂದ ನಾಲ್ಕು ವರ್ಷದ ವಾಹನಕ್ಕೆ ಶೇಕಡ 25. ಇದನ್ನು ಕಂಡು ಕಂಪನಿಯು ಮೋಸ ಮಾಡಿತೆಂದು ಗೊಣಗುವವರು ಬಹಳ ಮಂದಿ. ಒಡೆದದ್ದು ಮೂರೂವರೆ ವರ್ಷ ಬಿಸಿಲು ಮಳೆ ಕಂಡ ಬಂಪರು, ಬಂದದ್ದು ಹೊಸದು. ನಡುವಣ ವ್ಯತ್ಯಾಸವೇ ಯೋಗ. ಅದನ್ನು ನಾವೇ ತೆರಬೇಕು. ಹೆಚ್ಚು ಕಂತು ಕಟ್ಟಿ ಸವಕಳಿಯಿಲ್ಲದ ಪಾಲಿಸಿಯನ್ನು ಕೊಂಡವರು ಹೊಸ ಭಾಗದ ಪೂರ್ಣ ಬೆಲೆಯನ್ನು ಕೇಳುವುದು ನ್ಯಾಯ, ಏಕೆಂದರೆ ಅವರು ಯೋಗಕ್ಕೂ ಬೆಲೆ ಕೊಟ್ಟಿದ್ದಾರೆ. ನಾನು ಕೊಟ್ಟಿರಲಿಲ್ಲ.

ಹೆಚ್ಚು ಕೇಳಬಾರದೆಂಬುದು ಎಷ್ಟು ಧರ್ಮವೋ, ಕಡಿಮೆಗೆ ಒಪ್ಪಬೇಕಾಗಿಲ್ಲವೆಂಬುದೂ ಅಷ್ಟೇ ಧರ್ಮ. ಕಂಪನಿಯು ಬಣ್ಣದ 8,000ದಲ್ಲಿ ಅರ್ಧವನ್ನು, ಅಂದರೆ 4,000ವನ್ನು ಕಡಿದಿತ್ತು. ಪಾಲಿಸಿಯ ಸಣ್ಣಕ್ಷರದ ಪುಟವನ್ನು ಸೂತ್ರಪಾಠವನ್ನು ಓದುವಂತೆ ಓದಿದೆನು. ಉತ್ಸರ್ಗದ ಬೆನ್ನಿಗೇ ಅಪವಾದವಿತ್ತು: ಬಣ್ಣದ ಸಾಮಗ್ರಿಯ ಬೆಲೆಗೆ ಮಾತ್ರ ಶೇಕಡ 50 ಕಡಿತ, ಸಾಮಗ್ರಿಯೂ ಕೂಲಿಯೂ ಒಂದೇ ಮೊತ್ತದಲ್ಲಿ ಬೆರೆತಿದ್ದರೆ ಅದರ ಶೇಕಡ 25ನ್ನು ಸಾಮಗ್ರಿಯೆಂದು ಭಾವಿಸತಕ್ಕದ್ದು. ಹಾಗಾದರೆ ಸಾಮಗ್ರಿ 2,000, ಕಡಿತ 1,000 ಮಾತ್ರ. ಈ ವಾಕ್ಯವನ್ನು ತೋರಿಸಿ ವಿನಯದಿಂದ ಒಂದು ಪತ್ರ ಬರೆದೆನು. ಮೂರು ವಾರಗಳಾದ ಮೇಲೆ 3,000 ರೂಪಾಯಿಗಳು ನನ್ನ ಖಾತೆಗೆ ಬಂದವು. ಬಾರದಿದ್ದರೆ, ಒಂದು ತಿಂಗಳು ಕಾದು, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ಬರೆದುಕೊಳ್ಳಬಹುದಾಗಿತ್ತು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಡ. ಎಲ್ಲ ಮುಗಿದಾಗ, 1,000 ರೂಪಾಯಿಗಳ ಕಡ್ಡಾಯ ಕಡಿತವೂ ಸೇರಿ ನನ್ನ ಪಾಲಿಗೆ 7,250, ಕಂಪನಿಯ ಪಾಲಿಗೆ 15,750 ಆಯಿತು.

ಇನ್ನೊಂದು ಮಾತನ್ನು ಮರೆಯಬಾರದು. ಪರಿಹಾರ ಕೇಳದ ವರ್ಷಗಳಿಗಾಗಿ ಸ್ವಂತ ಹಾನಿಯ ಕಂತಿನಲ್ಲಿ ಸಿಗುವ ನೋ ಕ್ಲೈಮ್ ಬೋನಸ್ಸು ಮೊದಲ ವರ್ಷಕ್ಕೆ ಶೇಕಡ 20ರಿಂದ ತೊಡಗಿ 25, 35, 45, 50ಕ್ಕೆ ಏರುತ್ತದೆ. ಒಮ್ಮೆ ಪರಿಹಾರ ಕೇಳಿದರೆ ಮುಂದಿನ ಕಂತಿನಲ್ಲಿ ಅದು ಇಲ್ಲವಾಗುವುದು. ನಷ್ಟವು ಎರಡು ಮೂರು ಸಾವಿರದ್ದಾದರೆ ಕೈಯಿಂದಲೇ ಕೊಡುವುದು ಲಾಭ. ನನ್ನ ನಷ್ಟ ದೊಡ್ಡದಾಗಿದ್ದುದರಿಂದ ಕೇಳಿದೆನು.

ಇದ್ದುದನ್ನು ಇದ್ದಂತೆ ಮರಳಿ ಕೊಡು, ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂಬುದಿಷ್ಟೇ ವಿಮೆಯ ಒಪ್ಪಂದ. ಇದನ್ನು ಎರಡು ಪಕ್ಷದವರೂ ನೆನಪಿನಲ್ಲಿಟ್ಟುಕೊಂಡರೆ ಮನಸ್ತಾಪಕ್ಕೆ ಎಡೆಯಿರದು. ಪಾಲಿಸಿಯು ಮನೆಗೆ ಬಂದ ದಿನವೇ ಅದರ ಸವಕಳಿಯ ಪುಟವನ್ನು ಒಂದು ಸಲ ಓದಿಡಬೇಕೆಂದು ವಾಚಕರನ್ನು ಬೇಡಿಕೊಳ್ಳುತ್ತೇನೆ. ಅಪಘಾತವಾದ ದಿನ ಓದಲು ಮನಸ್ಸಿಗೆ ಸ್ವಾಸ್ಥ್ಯವಿರುವುದಿಲ್ಲ.