ಕಾಯಿ ಅಲುಗಿಸಬೇಡಿ

"ತಾತ, ಅಮ್ಮ ಆಫೀಸಿನಲ್ಲಿ ಏನು ಮಾಡ್ತಾಳೆ?" ಮೊನ್ನೆ ಮೊಮ್ಮಗ ಕೇಳಿದ. ಶಾಲೆಯಲ್ಲಿ ಬರೆದುಕೊಂಡು ಬರಲು ಹೇಳಿದ್ದರಂತೆ. ನನ್ನ ಮಗಳು ಸಿಸ್ಟಮ್ಸ್ ಎಂಜಿನಿಯರ್. ನೆಂಟರಿಷ್ಟರಿಗೆಲ್ಲ ಈ ಹೆಸರನ್ನು ಜಂಬದಿಂದ ಹೇಳಿದ್ದೇನೆ. ಯಾರಾದರೂ ಅರ್ಥ ಕೇಳಿದರೆ ಮಾತ್ರ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಅವಳನ್ನೇ ಕೇಳಿದೆವು. "ಬ್ಯಾಂಕಿನಲ್ಲಿ ಲೆಡ್ಜರ್ ಟ್ಯಾಲಿ ಆಗದಿದ್ದರೆ ನೀವು ರಾತ್ರಿ ಕೂತು ಹುಡುಕ್ತಿದ್ದಿರಲ್ಲ ಅಪ್ಪ, ಹಾಗೇ. ನೂರಾರು ಕಂಪ್ಯೂಟರ್ ಒಟ್ಟಿಗೆ ಕೆಲಸ ಮಾಡ್ತಿರ್ತವೆ. ಒಂದು ಕೈಕೊಟ್ಟರೆ ಯಾವುದು, ಯಾಕೆ ಅಂತ ಹುಡುಕಿ ಸರಿಮಾಡಬೇಕು."

ತಟ್ಟನೆ ಅರ್ಥವಾಯಿತು. ಹದಿನೆಂಟು ಪೈಸೆಗಾಗಿ ಕೊನೆಯ ಬಸ್ಸು ತಪ್ಪಿಸಿಕೊಂಡವನು ನಾನು! (ಮಕ್ಕಳೇ, ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ತಿರುಗುಮುರುಗು ಬರೆದಿರಬಹುದು. 35ನ್ನು 53 ಎಂದು ಬರೆದು ನೋಡಿ.)

ಆಮೇಲೆ ಅವಳು ತಾನು ಬಹಳ ಮೆಚ್ಚುವ ಕೆನ್ ಥಾಂಪ್ಸನ್ ಕಥೆ ಹೇಳಿದಳು. ಅವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದವರು. 1969ರಲ್ಲಿ ಅಲ್ಲಿ ಯಾರೂ ಹೆಚ್ಚು ಬಳಸದ ಪಿಡಿಪಿ-7 ಎಂಬ ಯಂತ್ರವಿತ್ತು. ಗ್ರಹಗಳ ನಡುವೆ ಹಾರಾಡುವ ತಮ್ಮದೊಂದು ಆಟವನ್ನು ಅದರಲ್ಲಿ ಕೂರಿಸಿದರು. ಹೆಂಡತಿ ಮಗುವಿನೊಡನೆ ಅತ್ತೆ-ಮಾವನ ಮನೆಗೆ ಹೋಗಿದ್ದ ಮೂರು ವಾರಗಳಲ್ಲಿ ಅದೇ ಯಂತ್ರಕ್ಕೆ ಯೂನಿಕ್ಸ್‌ನ ಮೊದಲ ರೂಪ ಬರೆದರು. ನನ್ನ ಆಂಡ್ರಾಯ್ಡ್ ಫೋನಿನೊಳಗೂ ಆ ಯೂನಿಕ್ಸ್‌ನ ಜಾಡಿನಲ್ಲಿ ಬೆಳೆದ ವ್ಯವಸ್ಥೆಯೇ ಇದೆಯಂತೆ.

ಅವರ ಇನ್ನೊಂದು ಹುಚ್ಚು ಚದುರಂಗ. ಗೆಳೆಯ ಜೋ ಕಾಂಡನ್ ಜೊತೆ ಸೇರಿ ಕಟ್ಟಿದ ಯಂತ್ರ 1980ರಲ್ಲಿ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಆಯಿತು. ಹಲಗೆಯ ಮೇಲೆ ನಾಲ್ಕೈದು ಕಾಯಿ ಉಳಿದಾಗ ಗೆಲ್ಲುವವರು ಯಾರೆಂದು ಯಂತ್ರದಿಂದಲೇ ಲೆಕ್ಕ ಹಾಕಿಸಿದರು. ವಿಮಾನ ಹಾರಿಸುವುದನ್ನೂ ಕಲಿತು, ರಷ್ಯಾಕ್ಕೆ ಹೋಗಿ ಮಿಗ್-29 ಏರಿದರು.

"ಆಟ ಆಡಿದ್ದಕ್ಕೆ ಅವರಪ್ಪ ಬೈಲಿಲ್ವಾ?" ಎಂದ ಮೊಮ್ಮಗ.

ಮಗಳು ನನ್ನತ್ತ ನೋಡಲಿಲ್ಲ. ಅವಳ ಎಸ್ಸೆಸ್ಸೆಲ್ಸಿ ವರ್ಷ ಚದುರಂಗದ ಹಲಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದವನು ನಾನು. "ಇದೇನು ಅನ್ನ ಹಾಕುತ್ತಾ?" ಎಂದಿದ್ದೆ. ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಗಿದ್ದಳು. ಕಳಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬೀಗ ತೆಗೆದೆ. ಅವಳು ಮುಟ್ಟಲಿಲ್ಲ.

ಹಲಗೆ ಇನ್ನೂ ಇತ್ತು. ಭಾನುವಾರ ಒರೆಸಿ ಮೇಜಿನ ಮೇಲಿಟ್ಟೆ. ಕಳೆದುಹೋದ ಒಂದು ಕುದುರೆಯ ಜಾಗದಲ್ಲಿ ಕೋಟಿನ ಗುಂಡಿ ಇಟ್ಟೆ. ಏನೂ ಹೇಳದೆ ಎದುರು ಬಂದು ಕೂತಳು. ಹನ್ನೆರಡನೆಯ ನಡೆಗೆ ನನ್ನ ಮಂತ್ರಿ ಹೋಯಿತು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಎಲ್ಲೋ ಒಂದು ಯಂತ್ರ ಕೈಕೊಟ್ಟಿತ್ತು. "ಕಾಯಿ ಅಲುಗಿಸಬೇಡಿ ಅಪ್ಪ, ಬಂದೆ" ಎಂದು ಲ್ಯಾಪ್‌ಟಾಪ್ ಹಿಡಿದು ಕೋಣೆಗೆ ಹೋದಳು.

ರಾತ್ರಿ ಹತ್ತೂವರೆಯಾದರೂ ಅವಳ ಬಾಗಿಲಡಿ ಬೆಳಕಿತ್ತು. ಹಲಗೆ ಕಾಯುತ್ತೇನೆಂದ ಮೊಮ್ಮಗ ಕುರ್ಚಿಯಲ್ಲೇ ನಿದ್ದೆಹೋಗಿದ್ದ. ನಾನು ಬೆಕ್ಕು ಬರದಂತೆ ಕಿಟಕಿ ಮುಚ್ಚಿದೆ.