ಮನೆಯೂಟದ ಕಾರು

ಪೆಟ್ರೋಲ್ ಕಾರು ಹೋಟೆಲಿನಲ್ಲಿ ಉಣ್ಣುವ ಬ್ರಹ್ಮಚಾರಿ. ವಿದ್ಯುತ್ ಕಾರು ಮನೆಯೂಟದ ಗೃಹಸ್ಥ. ಮೊದಲನೆಯದು ಹಸಿದಲ್ಲಿ ನಿಂತು ಐದು ನಿಮಿಷದಲ್ಲಿ ಹೊಟ್ಟೆ ತುಂಬಿಕೊಳ್ಳುತ್ತದೆ. ಎರಡನೆಯದು ಸಂಜೆ ಮನೆ ಸೇರಿ, ಗೋಡೆಗೆ ಬಾಯಿಟ್ಟು, ರಾತ್ರಿಯೆಲ್ಲ ಮೆಲ್ಲನೆ ಉಣ್ಣುತ್ತದೆ.

ಬೆಂಗಳೂರಿಗೆ ಈ ಸಂಸಾರ ಹೊಸದೇನಲ್ಲ. 2001ರಲ್ಲಿ ಇಲ್ಲಿಯೇ ತಯಾರಾಗಿ ಮಾರಾಟಕ್ಕೆ ಬಂದ ಪುಟ್ಟ ‘ರೇವಾ’ ಒಂದು ಪೂರ್ತಿ ಊಟಕ್ಕೆ ಸುಮಾರು 80 ಕಿಲೋಮೀಟರು ಓಡಬಲ್ಲುದೆಂದು ಹೆಸರಾಗಿತ್ತು. ಅದರ ಸೀಸದ ಬ್ಯಾಟರಿಗಳಿಗೆ ಬಟ್ಟಿಯಿಳಿಸಿದ ನೀರನ್ನೂ ಎರೆಯಬೇಕಿತ್ತು. ಇಂದಿನ ಲಿಥಿಯಂ ಬ್ಯಾಟರಿಗೆ ಆ ಉಪಚಾರ ಬೇಡ. ಹಸಿವು ಮಾತ್ರ ದೊಡ್ಡದು. 15 ಆಂಪಿಯರಿನ ಸಾಕೆಟ್ಟು ಗಂಟೆಗೆ ಸುಮಾರು 3 ಯೂನಿಟ್ಟು ಬಡಿಸುತ್ತದೆ. 30 ಯೂನಿಟ್ಟಿನ ಹೊಟ್ಟೆಗೆ ಹತ್ತು ಗಂಟೆಯ ಪಂಕ್ತಿ!

ಹೊಸದಾಗಿ ಕಾರು ಕೊಂಡ ಯಜಮಾನರಿಗೆ ಮೊದಲ ವಾರ ನಿದ್ರೆಯಿಲ್ಲ. ನಡುರಾತ್ರಿ ಎದ್ದು, ಚಾರ್ಜರಿನ ದೀಪ ಉರಿಯುತ್ತಿದೆಯೇ ಎಂದು ನೋಡಿಬರುತ್ತಾರೆ. “ಮಗು ಅತ್ತಾಗ ಒಂದು ದಿನವೂ ಏಳಲಿಲ್ಲ ನೀವು” ಎಂದು ಗೃಹಿಣಿ ಮಗ್ಗುಲು ಬದಲಿಸುತ್ತಾಳೆ.

ಆದರೆ ಈ ಸುಖಕ್ಕೆ ಹಣವೊಂದೇ ಸಾಲದು. ಸ್ವಂತದ್ದೊಂದು ಗೋಡೆ ಬೇಕು. ಮೂರನೆಯ ಅಂತಸ್ತಿನ ಬಾಡಿಗೆದಾರ ಕಾರು ಕೊಂಡಾನು; ಕೆಳಗಿನ ಗೋಡೆ ಮಾಲೀಕನದು. ತಂತಿ ಯಾವ ಹಾದಿಯಲ್ಲಿ ಇಳಿಯಬೇಕು, ಯಾವ ಮೀಟರಿಗೆ ಸೇರಬೇಕು, ಹಣವನ್ನು ಯಾರು ಕಟ್ಟಬೇಕು—ಈ ಚರ್ಚೆ ಮುಗಿಯುವ ತನಕ ಕಾರಿಗೆ ಏಕಾದಶಿ.

ಬೀದಿಯಲ್ಲಿ ಹೊಗೆಯುಗುಳದೆ ಓಡುವ ಕಾರಿನಿಂದ ಉಪಕಾರವಾಗುವುದು ನೆರೆಹೊರೆಗೆಲ್ಲ. ಅಂಥ ಅತಿಥಿಗೆ ಒಂದು ಎಲೆ ಹಾಕುವ ಔದಾರ್ಯ ಗೋಡೆಯುಳ್ಳವರಲ್ಲಿಯೂ ಇರಬೇಡವೆ?