ಅಜ್ಜಿಯ ಒಂದು ಭಾವಚಿತ್ರ

ಚೆಟ್ಟಳ್ಳಿಯ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಚೌಕನೆಯ ಕಪ್ಪು-ಬಿಳುಪು ಚಿತ್ರ ತೂಗುತ್ತಿದೆ. ಮನೆಗೆ ಬಂದವರು ಅದನ್ನು ನೋಡಿ, “ಕಾಫಿ ಹೂವು ಚೆನ್ನಾಗಿ ಬಂದಿದೆ” ಎನ್ನುತ್ತಾರೆ. ಹೂಗಳ ನಡುವೆ ನಿಂತಿರುವ ಕಪ್ಪು ಆಕೃತಿ ನನ್ನ ಅಜ್ಜಿಯದೆಂದು ನಾನೇ ಹೇಳಬೇಕು. ಹೇಳಿದೊಡನೆ, ತೆಗೆದವರು ಯಾರೆಂಬ ಪ್ರಶ್ನೆ ಬರುತ್ತದೆ. ಅದಕ್ಕೂ ನಾನೇ ಉತ್ತರ ಕೊಡಬೇಕು.

ಅದು 1976ರ ಮಾತು. ನಾನಾಗ ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿದ್ದೆ. ಬೆಂಗಳೂರಿನಿಂದ ಬಂದ ಸೋದರಮಾವ ಒಂದು ಆಗ್ಫಾ ಕ್ಲಿಕ್ 3 ಕ್ಯಾಮರಾ ತಂದಿದ್ದರು. ರೀಲಿಗೆ 12 ಚಿತ್ರಗಳು. ಬೆಟ್ಟ, ಹೊಳೆ, ಸ್ನೇಹಿತರು ಎಂದು ಹನ್ನೊಂದನ್ನು ಅವರೇ ಮುಗಿಸಿ ಕೊನೆಯದೊಂದನ್ನು ನನಗೆ ಬಿಟ್ಟುಕೊಟ್ಟರು. ಎಂತಹ ಔದಾರ್ಯ!

ಹೂಮಳೆ ಬಿದ್ದು ಎಂಟು-ಹತ್ತು ದಿನಗಳಾಗಿದ್ದವು. ಗಿಡಗಳ ಮೇಲೆಲ್ಲ ಅರಳು ಚೆಲ್ಲಿದಂತೆ ಹೂವು. ತೋಟದ ತುಂಬ ಮಲ್ಲಿಗೆಯಂತಹ ಪರಿಮಳ. ಎರಡು ಮೂರು ದಿನ ಕಳೆದರೆ ಆ ಸೊಬಗು ಕಂದಿಹೋಗುತ್ತದೆ. ಅಜ್ಜಿಯನ್ನು ಕರೆತಂದು ಹಲಸಿನ ಮರದ ನೆರಳಿನಲ್ಲಿ ನಿಲ್ಲಿಸಿದೆ. ಅವಳ ಹಿಂದೆ ಬಿಸಿಲಿನಲ್ಲಿ ಬೆಳಗುವ ಹೂಸಾಲು.

“ನನ್ನ ಮುಖ ಬೀಳುತ್ತದೇನೋ ಮಗು?”

“ಮೂಗುಬೊಟ್ಟೂ ಬೀಳುತ್ತದೆ. ಅಲುಗಾಡಬೇಡ ಅಜ್ಜಿ.”

ಆ ಕ್ಯಾಮರಾದಲ್ಲಿ ಬಿಸಿಲಿಗೊಂದು, ಮೋಡಕ್ಕೊಂದು ಗುರುತಿತ್ತು. ಕಣ್ಣು ಕುಕ್ಕುವ ಬಿಸಿಲಿರುವಾಗ ಯೋಚನೆಯೇಕೆ? ಬಿಸಿಲಿನ ಗುರುತಿಗೆ ತಿರುಗಿಸಿ ಗುಂಡಿ ಒತ್ತಿದೆ. ಬಿಸಿಲು ಬಿದ್ದಿದ್ದುದು ಹೂವಿನ ಮೇಲೆ, ಮುಖದ ಮೇಲಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮಡಿಕೇರಿಯ ಸ್ಟುಡಿಯೊದಿಂದ ಚಿತ್ರ ಬಂದಾಗ ಅಜ್ಜಿ ಬಹಳ ಹೊತ್ತು ನೋಡಿ, “ಹೂವು ಚೆನ್ನಾಗಿದೆ” ಎಂದಳು. ಆ ಮಳೆಗಾಲದಲ್ಲಿಯೇ ತೀರಿಕೊಂಡಳು. ಅವಳ ಬೇರೆ ಚಿತ್ರ ನಮ್ಮಲ್ಲಿಲ್ಲ.

ಮೇಷ್ಟರಾಗಿ ಸ್ವಂತ ಕ್ಯಾಮರಾ ಕೊಂಡ ಮೇಲೆಯೇ ನನ್ನ ತಪ್ಪು ನನಗೆ ಸರಿಯಾಗಿ ತಿಳಿದದ್ದು. ನಮ್ಮ ಕಣ್ಣು ನೆರಳನ್ನೂ ಬಿಸಿಲನ್ನೂ ಒಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಫಿಲ್ಮಿಗೆ ಅಷ್ಟು ಶಕ್ತಿಯಿಲ್ಲ. ಅದಕ್ಕೆ ಎಷ್ಟು ಬೆಳಕು ಬೇಕೆಂಬುದನ್ನು ನಾವು ನಿರ್ಧರಿಸಬೇಕು. ಮಸೂರದ ಕಿಂಡಿ ಎಷ್ಟು ಅಗಲ, ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬ ಎರಡು ಲೆಕ್ಕಗಳು ಅದರಲ್ಲಿವೆ. ಕಿಂಡಿಗೆ 4, 5.6, 8, 11, 16 ಎಂಬ ಅಂಕಿಗಳಿರುತ್ತವೆ. ದೊಡ್ಡ ಅಂಕಿಗೆ ದೊಡ್ಡ ಕಿಂಡಿ ಎಂದು ನಾನು ಬಹಳ ದಿನ ನಂಬಿದ್ದೆ. ವಾಸ್ತವ ಅದಕ್ಕೆ ತದ್ವಿರುದ್ಧ. ಮಸೂರದ ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 16ರಿಂದ 11ಕ್ಕೆ ಬಂದರೆ ಬೆಳಕು ಇಮ್ಮಡಿಯಾಗುತ್ತದೆ. ಶಟರನ್ನು ಸೆಕೆಂಡಿನ 1/125ರಿಂದ 1/60ಕ್ಕೆ ತಂದರೂ ಹೆಚ್ಚುಕಡಿಮೆ ಹಾಗೆಯೇ. ಇನ್ನೂ ನಿಧಾನ ಮಾಡಿದರೆ ಕೈಯ ನಡುಕವೂ ಚಿತ್ರಕ್ಕೆ ಸೇರುತ್ತದೆ. 100ರ ವೇಗದ ಫಿಲ್ಮಿಗೆ ನಿಚ್ಚಳ ಬಿಸಿಲಿನಲ್ಲಿ 1/125 ಸೆಕೆಂಡು, 16ರ ಕಿಂಡಿ ಸಾಕು. ಮರದ ನೆರಳಿನ ಮುಖಕ್ಕೆ 4 ಬೇಕಾದೀತು. ಎಂದರೆ ಹದಿನಾರು ಪಟ್ಟು ಬೆಳಕು! ನನ್ನ ಪೆಟ್ಟಿಗೆ ಕ್ಯಾಮರಾಕ್ಕೆ ಅಷ್ಟು ಸಾಧ್ಯವಿರಲಿಲ್ಲ. ಆದರೆ ಅಜ್ಜಿಯನ್ನು ಹತ್ತು ಹೆಜ್ಜೆ ಮುಂದಕ್ಕೆ, ಬೆಳಕಿಗೆ ಕರೆಯಲು ಯಾವ ಯಂತ್ರ ಬೇಕಿತ್ತು? ಇಂದಿನ ಫೋನುಗಳಲ್ಲಾದರೆ, ತೆರೆಯ ಮೇಲೆ ಕಾಣುವ ಮುಖವನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಬೆಳಕಿನ ಲೆಕ್ಕ ಅಲ್ಲಿಂದಲೇ ಹೊರಡುತ್ತದೆ.

ಆ ಚಿತ್ರದಲ್ಲಿ ಇನ್ನೊಂದು ದೋಷವಿದೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರವೊಂದು ಅಜ್ಜಿಯ ತಲೆಯಿಂದಲೇ ಬೆಳೆದಂತಿದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಮರ ಮರದ ಪಾಡಿಗಿರುತ್ತಿತ್ತು. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಕೂಡುವೆಡೆ ಮುಖ್ಯ ವಸ್ತುವನ್ನಿಡಿ ಎಂದು ಕಲಿಸುತ್ತಾರೆ. ಒಳ್ಳೆಯ ನಿಯಮವೇ, ಆದರೆ ಹಿನ್ನೆಲೆಯನ್ನು ನೋಡದವನಿಗೆ ಅದರಿಂದ ಪ್ರಯೋಜನವಿಲ್ಲ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರ ತೆಗೆಯುವುದರಲ್ಲಿಯೂ ಹೆಸರಾದವರು. ಅವರ ಚಿತ್ರಗಳನ್ನು ನೋಡುವಾಗ ನಾನು ಹಕ್ಕಿಗಿಂತ ಮೊದಲು ಹಕ್ಕಿಯ ಹಿಂದೇನಿದೆ ಎಂದು ನೋಡುತ್ತೇನೆ. ಪೆಟ್ಟು ತಿಂದವನ ಅಭ್ಯಾಸ!

ಕಳೆದ ರಜೆಯಲ್ಲಿ ಬಂದ ಮೊಮ್ಮಗಳು ಗೋಡೆಯ ಚಿತ್ರವನ್ನು ಫೋನಿನಲ್ಲಿ ಹಿಡಿದು, “ತಾತ, ಇದರ ಬೆಳಕು ಹೆಚ್ಚಿಸಬಹುದು, ನೋಡಿ” ಎಂದಳು. ಬೆರಳಾಡಿಸಿದಂತೆ ಹೂಗಳೆಲ್ಲ ಬರಿಯ ಬಿಳುಪಿನಲ್ಲಿ ಕರಗಿದವು. ಮುಖ ಕಪ್ಪಿನಿಂದ ಬೂದಿಯ ಬಣ್ಣಕ್ಕೆ ತಿರುಗಿತು. ಕಣ್ಣು, ಬಾಯಿ ಯಾವುದೂ ಮೂಡಲಿಲ್ಲ. ಮೂಗಿನ ಪಕ್ಕದಲ್ಲಿ ಒಂದು ಚುಕ್ಕೆ ಮಾತ್ರ ಮಿನುಗಿತು.

“ಇದೇನು ತಾತ, ಗೀರೇ?” ಎಂದು ಕೇಳಿದಳು.

“ಅಲ್ಲ, ಮಗೂ. ಅದು ಮೂಗುಬೊಟ್ಟು” ಎಂದೆ.